ದನಿ ದೊಡ್ಡದು ಮಾಡುತ್ತಿದ್ದ ಹಿಂದಿ ಸರ್

ಹಿಂದಿ ಸರ್ ಬಗ್ಗೆ ನಾಲ್ಕು ಒಳ್ಳೆ ಮಾತು ಬರೆದುಕೊಡ್ರಿ ಅಂತ ಸಾಲಿಯವರು ಹೇಳಿಕಳಿಸಿದ್ದರು. ಶ್ರದ್ಧಾಂಜಲಿ ಸಭೆಯಲ್ಲಿ ಓದುತ್ತಾರಂತೆ. ನಾನು ಕನ್ನಡ ಮಾಸ್ತರ, ಅದೇ ಸಾಲಿಯ ಸ್ಟಾಫ್ ರೂಮಿನಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ಕೂತು ವರ್ಷಗಟ್ಟಲೆ ಅರ್ಧರ್ಧ ಕಪ್ ಚಹಾ ಹಂಚಿಕೊಂಡವ. ನಾಲ್ಕು ಯಾಕೆ, ನಲವತ್ತು ಬರೆದೇನು. ಆದರೆ ನನ್ನ ಹತ್ತಿರ ಒಂದು ಕೆಟ್ಟ ಮಾತೂ ಇದೆ. ಅದನ್ನು ನುಂಗಿಕೊಂಡರೆ ನನಗೆ ಉಂಡದ್ದು ಅರಗುವುದಿಲ್ಲ. ಅದಕ್ಕೆ ಸಭೆಗೆ ಬೇಕಾದದ್ದನ್ನು ಬೇರೆ ಬರೆದುಕೊಟ್ಟೆ. ಇದು ನನ್ನ ಸಮಾಧಾನಕ್ಕೆ.

ಬನಹಟ್ಟಿಯ ನಮ್ಮ ಓಣಿಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಹಿಂದಿ ಸರ್, ಅಷ್ಟೇ. ಒಣಕಲು ಮೈ, ತೊಳೆದು ತೊಳೆದು ಬಣ್ಣ ಬಿಟ್ಟ ಸಫಾರಿ. ಎದೆಯ ಜೇಬಿನಲ್ಲಿ ಮಾಸ್ತರರಿಗೆ ಪೆನ್ನು ಇರಬೇಕೋ ಬೇಡವೋ, ಇವರ ಜೇಬಿನಲ್ಲಿ ಹಲ್ಲುಜ್ಜುವ ಪೇಸ್ಟಿನ ಸಣ್ಣ ಟ್ಯೂಬು. ಗೀರು ಬಿದ್ದ ಸಿನಿಮಾ ಡಿಸ್ಕಿಗೆ ಪೇಸ್ಟು ಹಚ್ಚಿ, ಹಳೇ ಬನಿಯನ್ನಿನ ತುಂಡಿನಿಂದ ನಡುವಿನಿಂದ ಅಂಚಿಗೆ ಒರೆಸಿದರೆ ಅದು ಮತ್ತೆ ನಡೆಯುತ್ತದೆ ಎಂಬುದು ಅವರ ಸಿದ್ಧಾಂತ. ಹತ್ತರಲ್ಲಿ ನಾಲ್ಕು ನಡೆಯುತ್ತಿದ್ದವು, ಸುಳ್ಳು ಯಾಕೆ ಹೇಳಲಿ. ಉಳಿದವು ಬರೀ ಘಮ ಘಮ ಅನ್ನುತ್ತಿದ್ದವು.

ಮಗ್ಗದ ಮನೆಯಲ್ಲಿ ಹುಟ್ಟಿ ಬೆಳೆದವರು. ಹಾಗಾಗಿ ಅವರು ಪ್ರೀತಿಯಿಂದ ಮಾತಾಡಿದರೂ ಹೊಸಬರಿಗೆ ಜಗಳ ತೆಗೆದಂತೆ ಕೇಳುತ್ತಿತ್ತು. “ಏನ ಸರ್ರ, ಊಟ ಆತೇನು?” ಅಂತ ಅವರು ತಮ್ಮ ಕಟ್ಟೆಯಿಂದ ಕೇಳಿದರೆ ಆಚೆ ಓಣಿಯವರು ಆತು ಅನ್ನಬೇಕು, ಅಂಥ ಕಂಠ. ಸಿನಿಮಾದ ಹುಚ್ಚು ಬೇರೆ. ವಯಸ್ಸಿನಲ್ಲಿದ್ದಾಗ ರವಿವಾರ ಜಮಖಂಡಿ ಥೇಟರಿನಲ್ಲಿ ಒಂದು ನೋಡಿ, ಹಾಗೇ ಬಸ್ಸು ಹಿಡಿದು ಮುಧೋಳದಲ್ಲಿ ಇನ್ನೊಂದು ನೋಡಿ, ಸೋಮವಾರ ಹಿಂದಿ ಪಾಠದಲ್ಲಿ ಎರಡರದ್ದೂ ಕಥೆ ಹೇಳುತ್ತಿದ್ದರಂತೆ. ಅವರ ಕಡೆ ಕಲಿತ ಹುಡುಗರಿಗೆ ಹಿಂದಿ ವ್ಯಾಕರಣ ಬರದಿದ್ದರೂ ಡೈಲಾಗ್ ಹೊಡೆಯಲು ಬರುತ್ತದೆ.

ಆಮೇಲೆ ನಮ್ಮೂರಿನ ಮನೆಗಳಿಗೂ ಕಂಪ್ಯೂಟರ್ ಬಂತು. ಮಕ್ಕಳು ಕಲಿಯಲಿ ಅಂತ ತರುವುದು, ಮಕ್ಕಳು ಮಲಗಿದ ಮೇಲೆ ದೊಡ್ಡವರು ಸಿನಿಮಾ ನೋಡುವುದು. ಅಂಗಡಿಯಿಂದ ಬಾಡಿಗೆಗೆ ತಂದ ಡಿಸ್ಕು ಒಂದು ಮನೆಯಲ್ಲಿ ನಡೆದರೆ ಇನ್ನೊಂದರಲ್ಲಿ ನಡೆಯದು. ಚಿತ್ರ ಬಂದರೆ ದನಿ ಇಲ್ಲ, ದನಿ ಬಂದರೆ ನಾಯಕನ ಮುಖ ಚೌಕ ಚೌಕ. ಆಗ ಹಿಂದಿ ಸರ್‌ಗೆ ಕರೆ ಹೋಗುತ್ತಿತ್ತು. ಯಾವ ಸಾಫ್ಟ್‌ವೇರಿನಲ್ಲಿ ಹಾಕಿದರೆ ಡಿಸ್ಕು ನಡೆದೀತು ಅಂತ ಆರಿಸಿಕೊಡುವುದು ಅವರ ಕೆಲಸ. ಕೂಲಿ, ಬಾಡಿಗೆ ಏನೂ ಇಲ್ಲ, ಚಹಾ ಮತ್ತು ಚೂಡಾ.

“ಕನ್ಯಾ ತೋರಸ್ರಿ!” ಅನ್ನುತ್ತಲೇ ಒಳಗೆ ಬರುವವರು. ಕನ್ಯೆ ಅಂದರೆ ಸಾಫ್ಟ್‌ವೇರು. ಕಂಪ್ಯೂಟರ್ ಸಂಗಡ ಬಂದದ್ದು ಒಂದು, ಡಿಸ್ಕು ಹಾಕುವ ಡ್ರೈವಿನ ಡಬ್ಬಿಯಲ್ಲಿ ಸಿಕ್ಕದ್ದು ಒಂದು, ಇವರೇ ತಮ್ಮ ಕೈಚೀಲದಲ್ಲಿ ತಂದದ್ದು ಎರಡೋ ಮೂರೋ. ಒಂದೊಂದನ್ನೇ ತೆಗೆದು ಕೂರಿಸಿ ಗುಣ ಹೇಳುವರು. “ಇಕಿ ನೋಡಾಕ ಛಂದ, ಬಣ್ಣ ಬಣ್ಣದ ಸೀರಿ ಉಟ್ಟಾಳ. ಖರೆ ಡಿಸ್ಕಿಗೆ ಒಂದ ಗೀರ ಇತ್ತಂದ್ರ ಸಾಕು, ಮಾರಿ ತಿರುವಿ ಕುಂಡ್ರತಾಳ.” “ಇಕಿ ಹೊಟ್ಟಿಬಾಕಿ. ಇಡೀ ಕಂಪ್ಯೂಟರ್ ತಿಂದ ಬಿಡತಾಳ.” “ಇಕಿ ಒಂದ ತಿಂಗಳ ಸುಮ್ಮನ ಸಂಸಾರ ಮಾಡತಾಳ, ಆಮ್ಯಾಲ ರೊಕ್ಕ ಕೇಳತಾಳ. ಇವತ್ತ ತವರಿಗೆ ಕಳಸ್ರಿ.”

ನನ್ನ ಹೆಂಡತಿ ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟಳು: “ಸರ್ರ, ನಿಮ್ಮ ಮನಿಯವರನ್ನೂ ಹಿಂಗ ನೋಡಿದ್ರೇನು?”

“ಅಕಿನ್ನ ನಾ ನೋಡೇ ಇಲ್ರಿ ಅಕ್ಕಾರ. ಬರೇ ಕೇಳಿದ್ನಿ. ಅವರ ಮನ್ಯಾಗ ಮಗ್ಗ ನಡದಿತ್ತು. ಅದರಾಗೂ ಅಕಿ ದನಿ ಹೊರಗ ಬಂತು. ಹ್ಞೂಂ ಅಂದಬಿಟ್ನಿ.”

ನಗಬೇಡಿ, ಅದೇ ಅವರ ಪರೀಕ್ಷೆ. ಹೊರಗಿನವರಿಗೆ ಇದು ತಿಳಿಯುವುದಿಲ್ಲ. ನಮ್ಮ ಓಣಿಯಲ್ಲಿ ಎರಡು ಮನೆಗೊಂದರಂತೆ ವಿದ್ಯುತ್ ಮಗ್ಗ. ಬೆಳಗಿನಿಂದ ಖಟಾಖಟಾ ಶುರುವಾದರೆ ಗೋಡೆಯ ಮೇಲಿನ ಕ್ಯಾಲೆಂಡರ್ ಕೂಡ ನಡುಗುತ್ತಿರುತ್ತದೆ. ಕರೆಂಟು ಹೋದರೆ ಮಗ್ಗ ಸುಮ್ಮನಾಗುತ್ತದೆ, ಆದರೆ ಸಂಗಡ ಕಂಪ್ಯೂಟರ್ರೂ ಸುಮ್ಮನಾಗುತ್ತದಲ್ಲ! ಅಂದರೆ ಶಾಂತವಾಗಿ ಸಿನಿಮಾ ನೋಡುವ ಗಳಿಗೆಯೇ ನಮಗಿಲ್ಲ. ಬೇರೆ ಊರಿನವರು ಚಿತ್ರ ಎಷ್ಟು ಸ್ವಚ್ಛ ಅಂತ ನೋಡಿ ಸಾಫ್ಟ್‌ವೇರ್ ಆರಿಸಿದರೆ ಹಿಂದಿ ಸರ್ ಆರಿಸುತ್ತಿದ್ದದ್ದು ಮಗ್ಗದ ಸದ್ದಿನ ಮೇಲೆ ಯಾವುದರ ದನಿ ಏಳುತ್ತದೆ ಅಂತ. ಅದಕ್ಕಾಗಿ ಒಂದು ಹಳೇ ಹಿಂದಿ ಸಿನಿಮಾ ಇಟ್ಟುಕೊಂಡಿದ್ದರು. ಅದರಲ್ಲಿ ನಾಯಕಿ ಸಾಯುವ ಮುಂಚೆ ನಾಯಕನ ತೊಡೆಯ ಮೇಲೆ ಮಲಗಿ ಏನೋ ಪಿಸುಗುಡುತ್ತಾಳೆ. ಎಲ್ಲ ಮನೆಯಲ್ಲೂ ಆ ಸಾಯುವ ಸೀನೇ. ಕಣ್ಣಿನ ಚಾಳೀಸು ತೆಗೆದು ಮಡಿಲಲ್ಲಿಟ್ಟು, ಕಣ್ಣು ಮುಚ್ಚಿ, ಕಿವಿಗೆ ಕೈ ಹಿಡಿದು ಕೂರುವರು. “ಪಿಕ್ಚರ್ ನೋಡೂದಲ್ರಿ, ಕೇಳೂದು,” ಅನ್ನುವರು. ಎಲ್ಲ ಪರೀಕ್ಷೆಯಲ್ಲಿ ಗೆಲ್ಲುತ್ತಿದ್ದದ್ದು ಒಂದೇ. ರಸ್ತೆ ಅಗೆದಲ್ಲಿ ಇಡುತ್ತಾರಲ್ಲ, ಕಿತ್ತಳೆ ಬಣ್ಣದ ಟೊಪ್ಪಿಗೆ, ಅಂಥ ಗುರುತಿನದು. ಇವರು ಅದನ್ನು ‘ಟೊಪಗ್ಯಾಕಿ’ ಅನ್ನುತ್ತಿದ್ದರು. ಗೀರು ಬಿದ್ದ ಡಿಸ್ಕನ್ನೂ ಹೇಗೋ ದಾಟಿಸಿಕೊಂಡು ಹೋಗುತ್ತಿತ್ತು. ಬೇರೆಯವುಗಳ ದನಿ ನೂರಕ್ಕೆ ನಿಂತರೆ ಇದರದ್ದು ನೂರು ದಾಟಿಯೂ ಏರುತ್ತಿತ್ತು.

ಈಗ ನನ್ನ ಅವ್ವನ ಮಾತಿಗೆ ಬರುತ್ತೇನೆ. ನಮ್ಮ ಹಳ್ಳಿ ಬೀಳಗಿ ಕಡೆಯದು. ಆಣೆಕಟ್ಟಿನ ಹಿನ್ನೀರು ಬಂದಾಗ ಮನೆ ಮುಳುಗಿತು, ಅವ್ವ ನನ್ನ ಸಂಗಡ ಬನಹಟ್ಟಿಗೆ ಬಂದಳು. ಅವಳದು ಸಣ್ಣ ದನಿ. ಜಗಲಿಯ ಮುಂದೆ ಕೂತರೂ, ಒಲೆಯ ಮುಂದೆ ಕೂತರೂ ತನ್ನಷ್ಟಕ್ಕೆ ತುಟಿ ಅಲ್ಲಾಡಿಸುತ್ತ ಏನೋ ಅಂದುಕೊಳ್ಳುವವಳು. “ಇದೇನ ಊರೋ ಯಪ್ಪಾ, ಮನಸಿನಾಗ ಮಾತಾಡಾಕೂ ಬಿಡವಲ್ದು,” ಅಂತ ಮಗ್ಗಗಳನ್ನು ಬೈಯುತ್ತಿದ್ದಳು. ಹಿಂದಿ ಸರ್ ಮಾತ್ರ ಅವಳಿಗೆ ಬೇಕಾದವರು. ಅವರು ಬಂದು “ಅವ್ವಾರ, ಆರಾಮ?” ಅಂತ ಕೂಗಿದರೆ ಎದ್ದು ಬಿಸಿ ರೊಟ್ಟಿ ಬಡಿಯುವಳು. ಅವರೂ ಅವಳ ಮುಂದೆ ಕೂತು ಗುರೆಳ್ಳು ಚಟ್ನಿ ಮೊಸರಿನಲ್ಲಿ ಕಲಸಿ ಬೆರಳು ನೆಕ್ಕುತ್ತಿದ್ದರು. ಹೊಟ್ಟೆ ಉರಿಯುವುದು ಅದಕ್ಕೇ. ಅವಳ ಕೈಯ ರೊಟ್ಟಿ ಉಂಡ ಮನುಷ್ಯ.

ಹಳ್ಳಿ ಬಿಡುವ ಹೊತ್ತಿನಲ್ಲಿ ನಮ್ಮ ಸೋದರಮಾವ ಮದುವೆ ವಿಡಿಯೊ ತೆಗೆಯುವವನೊಬ್ಬನನ್ನು ಕರೆತಂದು ಮನೆಯನ್ನೆಲ್ಲ ತೆಗೆಸಿದ್ದ. ತಲಬಾಗಿಲು, ದನದ ಹಕ್ಕೆ, ಕಾಳು ತುಂಬುವ ಹಗೇವು, ಹಿತ್ತಲು. ಅದನ್ನು ಆಮೇಲೆ ಡಿಸ್ಕು ಮಾಡಿಸಿ ಕೊಟ್ಟಿದ್ದ. ನಮ್ಮ ಕಂಪ್ಯೂಟರಿನಲ್ಲಿ ಅದು ಹಿತ್ತಲಿನ ತನಕ ಬಂದು ಗಕ್ಕನೆ ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ಅವ್ವ ಮಠಕ್ಕೆ ಹೋಗಿದ್ದಾಗ ಹಿಂದಿ ಸರ್ ಬಂದು ಕೂತರು. ಪೇಸ್ಟು ಹಚ್ಚಿದರು. ಬಣ್ಣದ ಸೀರೆಯವಳು ಮಾರಿ ತಿರುವಿದಳು. ಹೊಟ್ಟೆಬಾಕಿ ಹಿತ್ತಲು ತೋರಿಸಿದಳು, ದನಿ ಇಲ್ಲ. ಕೊನೆಗೆ ಟೊಪಗ್ಯಾಕಿಯನ್ನು ಕೂರಿಸಿದರು.

ಹಿತ್ತಲು ಬಂತು. ಕರಿಬೇವಿನ ಗಿಡದ ಬುಡದಲ್ಲಿ ಅವ್ವ, ನಮಗೆ ಬೆನ್ನು ಮಾಡಿ, ನೆಲಕ್ಕೆ ಅಂಗೈ ಊರಿ ಕೂತಿದ್ದಾಳೆ. ವಿಡಿಯೊದವನು ತನ್ನ ಹಿಂದೆ ನಿಂತದ್ದು ಅವಳಿಗೆ ಗೊತ್ತಿಲ್ಲ. ಗಾಳಿಯ ಸದ್ದು. ಅದರ ಕೆಳಗೆ ಏನೋ ಗುಸು ಗುಸು. “ತಡೀರಿ, ತಡೀರಿ,” ಅಂತ ಹಿಂದಿ ಸರ್ ಕಣ್ಣು ಮುಚ್ಚಿ ದನಿ ಏರಿಸುತ್ತ ಹೋದರು. ನೂರು ದಾಟಿತು. ಪಕ್ಕದ ಮನೆಯ ಮಗ್ಗದ ಖಟಾಖಟಾದ ಮೇಲೆ ನನ್ನ ಅವ್ವನ ಪಿಸುಮಾತು ಎದ್ದು ಬಂತು:

“ನೀರ ಬರತಾವ ಕೂಸ. ಅಂಜಬ್ಯಾಡ. ನಿನ್ನ ಒಬ್ಬಾಕಿನ್ನ ಬಿಟ್ಟ ಹೊಂಟೇನಿ. ನಮ್ಮವ್ವ ಕೆಟ್ಟಾಕಿ ಅನಬ್ಯಾಡ.”

ನನಗಿಂತ ಮುಂಚೆ ಅವ್ವನಿಗೆ ಒಂದು ಹೆಣ್ಣು ಕೂಸು ಹುಟ್ಟಿ, ಹೆಸರಿಡುವ ಮೊದಲೇ ಹೋಗಿತ್ತು. ಅದನ್ನು ಆ ಗಿಡದ ಬುಡದಲ್ಲಿ ಮಣ್ಣು ಮಾಡಿದ್ದರು. ಇಷ್ಟು ವರ್ಷ ನನಗೆ ಯಾರೂ ಹೇಳಿರಲಿಲ್ಲ; ಈ ವಿವರ ಸಿಕ್ಕದ್ದೂ ಆಮೇಲೆ ಸೋದರಮಾವನನ್ನು ಕೆದಕಿದಾಗ. ನನಗೊಬ್ಬಳು ಅಕ್ಕ ಇದ್ದಳು, ಅವಳು ಈಗ ನೀರಿನ ಕೆಳಗಿದ್ದಾಳೆ ಅಂತ ನನಗೆ ಗೊತ್ತಾದದ್ದು ಹೀಗೆ, ಸ್ಪೀಕರಿನಿಂದ. ನಾನು ಅತ್ತೆ. ಹಿಂದಿ ಸರ್ ಕೂಡ ಅತ್ತರು, ಆ ಮಾತು ತೆಗೆದುಹಾಕಲಾರೆ.

“ಸರ್ರ, ಅವ್ವ ಇದನ್ನ ನನ್ನ ಮುಂದೂ ಹೇಳಿಲ್ಲ. ಇದು ನಮ್ಮಿಬ್ಬರೊಳಗ ಇರಲಿ,” ಅಂದೆ. “ಅಕಿ ತಾನಾಗೇ ಹೇಳೂ ತನಕ ನಾ ಕೇಳಾಂವಲ್ಲ.”

ಅವರು ಅಂಗಿಯ ಮೇಲಿಂದಲೇ ಎದೆಯ ಮೇಲೆ ಕೈ ಇಟ್ಟರು. “ನನ್ನ ಕೊಳ್ಳಾಗಿನ ಲಿಂಗದ ಆಣಿ ಸರ್ರ. ಯಾರ ಮುಂದರ ಬಾಯಿ ಬಿಟ್ರ ಕೇಳ್ರಿ.” ಡಿಸ್ಕು ಪೂರಾ ಹಾಳಾಗುವುದರೊಳಗೆ ಒಂದು ನಕಲು ತೆಗೆದು ಗಟ್ಟಿ ಮಾಡಿಕೊಡುತ್ತೇನೆ ಅಂತ ಒಯ್ದು, ಮರುದಿನ ಎರಡನ್ನೂ ತಂದುಕೊಟ್ಟರು. ನಾನು ಕೈ ಮುಗಿದೆ.

ಆಮೇಲೆ ಬೇಸಿಗೆ ಬಂತು. ನಮ್ಮ ಓಣಿಯ ಕೊನೆಯ ಮನೆಯಲ್ಲಿ ಹೆಂಗಸರು ಶಾವಿಗೆ ಹೊಸೆಯಲು ಕೂಡಿದ್ದರು. ಅವ್ವನೂ ಹೋಗಿದ್ದಳು. ಅದೇ ಮನೆಗೆ ಹೊಸ ಕಂಪ್ಯೂಟರ್ ಬಂದಿತ್ತು. ಹೊರಗಿನ ಖೋಲಿಯಲ್ಲಿ ಹಿಂದಿ ಸರ್ ಕನ್ಯಾಪರೀಕ್ಷೆ ನಡೆಸಿದ್ದರು. ಅಲ್ಲಿ ಏನಾಯಿತು ಅಂತ ನನಗೆ ಹೇಳಿದವಳು ಆ ಮನೆಯ ಯಜಮಾನಿ, ಅವ್ವನನ್ನು ಕೈ ಹಿಡಿದು ನಮ್ಮ ಮನೆಗೆ ಕರೆತಂದವಳು.

“ನಮಗ ಮೊದಲ ತಿಳೀಲಿಲ್ರಿ ಸರ್ರ. ಯಾವುದೋ ಪಿಕ್ಚರ್ ಅಂತ ಮಾಡಿದ್ವಿ. ಬರೇ ‘ನೀರ ಬರತಾವ ಕೂಸ, ನೀರ ಬರತಾವ ಕೂಸ’ ಅಂತ ಹೊಳ್ಳಾಮಳ್ಳಾ ಬರಾಕತ್ತಿತ್ತು. ನಿಮ್ಮ ಅಮ್ಮಾರ ಕೈಯಾಗಿನ ಹಿಟ್ಟು ಹಂಗ ಉಳೀತು. ಹೊರಗ ಹಿಂದಿ ಸರ್ ನಮ್ಮ ಮನಿಯವರಿಗೆ ಹೇಳಾಕತ್ತಿದ್ರು, ‘ಕೇಳ್ರಿ, ಮುದುಕಿ ಏನಂತಾಳ, ಅದರಾಗ ತಿಳೀತೇನು? ಇಲ್ಲ. ಇದರಾಗ ತಿಳೀತೋ ಇಲ್ಲೋ? ಇದನ್ನ ಇಟ್ಕೋರಿ’ ಅಂತ. ಆಮ್ಯಾಲ ಅಮ್ಮಾರ ಮಾರಿ ನೋಡಿ ನಮಗ...”

ತಿಳಿಯಿತಲ್ಲ? ನಕಲು ತೆಗೆಯುವಾಗ ತನಗೂ ಒಂದು ಇಟ್ಟುಕೊಂಡು, ಸಾಯುವ ಸೀನು ಬದಿಗಿಟ್ಟು ಈ ಮಹಾರಾಯ ಮನೆ ಮನೆಗೆ ನನ್ನ ಅವ್ವನ ಪಿಸುಮಾತು ಒಯ್ಯುತ್ತಿದ್ದ! ಯಾವ ಸಾಫ್ಟ್‌ವೇರ್ ಛಲೋ ಅಂತ ತೋರಿಸಲು! ರಬಕವಿಯಲ್ಲಿ ಎಷ್ಟು ಮನೆಯೋ, ಬನಹಟ್ಟಿಯಲ್ಲಿ ಎಷ್ಟು ಮನೆಯೋ. ನಮ್ಮ ಅಕ್ಕ ಸತ್ತದ್ದನ್ನು ಚಹಾ ಚೂಡಾದ ಸಂಗಡ ಕೇಳಿದ್ದರು.

ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು. ಕೈಯ ಹಿಟ್ಟು ಒಣಗಿತ್ತು.

“ನಾ ಅಂದದ್ದ ನೀ ಮೊದಲ ಕೇಳಿದ್ಯಾ?”

“ಕೇಳಿದ್ನೆವ್ವಾ.”

“ನನ್ನ ಮುಂದ ಅನಲಿಲ್ಲ. ಅವಂಗ ಕೇಳಿಸಿದಿ.”

ನಾನು ಡಿಸ್ಕಿನ ಕಥೆ, ಆಣೆಯ ಕಥೆ ಎಲ್ಲ ಹೇಳಿದೆ. ಅವಳ ಕಿವಿಗೆ ಬಿತ್ತೋ ಇಲ್ಲವೋ. “ನಿಮ್ಮಪ್ಪನ ಮುಂದೂ ನಾ ಅಕಿ ಸುದ್ದಿ ತಗದ ಅತ್ತಾಕಿ ಅಲ್ಲ. ಮಣ್ಣಿಗೊಂದ ಹೇಳಿದ್ನಿ,” ಅಂದಳು. ಕೈಯ ಒಣಹಿಟ್ಟು ಉದುರಿಸುತ್ತ, “ಮುರಿ ಅದನ್ನ.”

ಅವಳ ಕಣ್ಣ ಮುಂದೆಯೇ ಎರಡೂ ಡಿಸ್ಕು ಮುರಿದೆ. ಅವು ಸಲೀಸಾಗಿ ಮುರಿಯುವುದಿಲ್ಲ, ಬಾಗುತ್ತವೆ, ಬಾಗುತ್ತವೆ, ಆಮೇಲೆ ಚೂರು ಸಿಡಿದು ಕೈಗೆ ಚುಚ್ಚುತ್ತವೆ. ಚೂರುಗಳನ್ನು ಅವಳೇ ಕಸಬರಿಗೆಯಿಂದ ಕೂಡಿಸಿ ಹೊರಗೆ ಚೆಲ್ಲಿದಳು.

ಮರುದಿನ ಸ್ಟಾಫ್ ರೂಮಿನಲ್ಲಿ ನಾನು ಹಿಂದಿ ಸರ್ ಕೊರಳಪಟ್ಟಿ ಹಿಡಿಯುವುದೊಂದು ಬಾಕಿ. ಅವರು ಗಾಬರಿಯಾದರು, ಆದರೆ ತಪ್ಪು ಮಾಡಿದವರ ಗಾಬರಿ ಅಲ್ಲ ಅದು. ನನಗೇ ತಿಳಿವಳಿಕೆ ಕಡಿಮೆ ಎಂಬಂತೆ ನನ್ನನ್ನು ನೋಡಿದರು.

“ನಾ ಯಾರ ಮುಂದ ಹೆಸರ ಹೇಳೀನ್ರಿ? ಮಾರಿ ಸೈತ ಕಾಣಂಗಿಲ್ಲ ಅದರಾಗ, ಬೆನ್ನ ಕಾಣತೈತಿ. ಯಾರ ಅಕಿ ಅಂತ ಯಾರ ಕೇಳಿದ್ರೂ ‘ಗೊತ್ತಿಲ್ಲ’ ಅಂದೇನಿ. ನನ್ನ ಆಣಿ ನಾ ಮುರದಿಲ್ಲ.”

“ಅಕಿ ಅಲ್ಲೇ ಒಳಗ ಕುಂತಿದ್ಲಲ್ರಿ!”

“ಅದು ನನಗ ಗೊತ್ತಿದ್ದಿಲ್ಲ ಸರ್ರ, ಖರೇನ ಗೊತ್ತಿದ್ದಿಲ್ಲ.” ಅಷ್ಟಕ್ಕೆ ಸುಮ್ಮನಿದ್ದರೂ ನಾನು ಮರೆಯುತ್ತಿದ್ದೆನೇನೋ. ಸುಮ್ಮನಿರುವ ಜಾತಿಯೇ ಅಲ್ಲ. “ಆದರ ಒಂದ ಮಾತ ಹೇಳ್ಲ್ಯಾ? ಆ ನಾಯಕಿ ಸಾಯೂದೆಲ್ಲಾ ಸುಳ್ಳರಿ. ಇಷ್ಟ ಪಿಕ್ಚರ್ ನೋಡೇನಿ, ಖರೇ ದನಿ ಕೇಳಿದ್ದ ಇದೊಂದ. ಇದರ ಮುಂದ ಯಾವ ಸಾಫ್ಟ್‌ವೇರಿನ ಬಣ್ಣಾ ನಿಲ್ಲಂಗಿಲ್ಲ.”

ಹೊಗಳಿದರಂತೆ! ನನ್ನ ಅವ್ವನ ನಲವತ್ತು ವರ್ಷದ ದುಃಖಕ್ಕೆ ಸರ್ಟಿಫಿಕೇಟು! “ನಿಮ್ಮ ಕೈಚೀಲದಾಗಿನ ಡಿಸ್ಕ ಮುರೀರಿ, ಕಂಪ್ಯೂಟರ್ನಾಗ ಇದ್ದದ್ದ ಇವತ್ತ ಅಳಸ್ರಿ,” ಅಂದೆ. ಮತ್ತೆ ಎದೆಯ ಮೇಲೆ ಕೈ ಇಟ್ಟರು, ಮತ್ತೆ ಅದೇ ಲಿಂಗದ ಆಣೆ. ಸಂಜೆ ನಮ್ಮ ಕಟ್ಟೆಯ ಮುಂದೆ ಬಂದು “ಅಳಿಸಿದ್ನಿ ಸರ್ರ!” ಅಂತ ಓಣಿಗೆಲ್ಲ ಕೇಳುವಂತೆ ಕೂಗಿ ಹೋದರು. ಅವ್ವ ಒಳಗಿದ್ದಳು. ರೊಟ್ಟಿ ಬಡಿಯಲು ಏಳಲಿಲ್ಲ.

ಅವ್ವ ಅದಾದ ಮೇಲೆಯೂ ಕೆಲ ವರ್ಷ ಬದುಕಿದಳು. ಉಂಡಳು, ಉಟ್ಟಳು, ನನ್ನ ಮಕ್ಕಳಿಗೆ ಎಣ್ಣೆ ಹಚ್ಚಿ ನೀರು ಹಾಕಿದಳು. ಸಿಟ್ಟು ಸೆಡವು ಏನೂ ಇಲ್ಲ. ಆದರೆ ಅವಳ ದನಿ ಬದಲಾಯಿತು. ನನ್ನ ಸಂಗಡ ಮಾತಾಡುವಾಗ ಗಟ್ಟಿಯಾಗಿ, ಓಣಿಯ ಆಚೆಯವರಿಗೆ ಹೇಳಿದಂತೆ ಹೇಳುವಳು: “ಸಾರು ಕಾದೈತಿ!” “ಸೋಪು ತೀರೇತಿ!” ತನ್ನಷ್ಟಕ್ಕೆ ತುಟಿ ಅಲ್ಲಾಡಿಸುವುದು ನಿಂತುಹೋಯಿತು. ನಾನು ಒಳಗೆ ಬಂದರೆ ಬಾಯಿ ಮುಚ್ಚಿಕೊಳ್ಳುವಳು. ಆ ಕೂಸಿನ ಬಗ್ಗೆ ಒಂದೇ ಒಂದು ಮಾತು, ಹೇಗಿದ್ದಳು, ಯಾರನ್ನು ಹೋಲುತ್ತಿದ್ದಳು, ಕೇಳಬೇಕೆಂದು ಎಷ್ಟೋ ಸಲ ಅವಳ ಪಕ್ಕ ಕೂತೆ. ಕೊನೆಯ ದಿನಗಳಲ್ಲಿ ಅವಳ ಬಾಯಿಯ ಹತ್ತಿರ ಕಿವಿ ಒಯ್ದರೆ ಮುಖ ಗೋಡೆಯ ಕಡೆ ಹೊರಳಿಸಿದಳು. ಹಾಗೇ ಹೋದಳು. ನನ್ನನ್ನು ನಂಬದೇ ಹೋದಳು, ಇನ್ನೇನು ಹೇಳಲಿ.

ಅವ್ವನ ಮಣ್ಣಿಗೆ ಹಿಂದಿ ಸರ್ ಬಂದಿದ್ದರು. ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಅತ್ತರು. ಮುಂದೆ ಅವರ ನಿವೃತ್ತಿ ಸಮಾರಂಭದಲ್ಲಿ ಭಾಷಣ ಮಾಡುವ ಕೆಲಸ, ಕನ್ನಡ ಮಾಸ್ತರ ಅಂದಮೇಲೆ, ನನ್ನ ಕೊರಳಿಗೇ ಬಿತ್ತು. ಊರ ಮಂದಿಗೆ ಸಿನಿಮಾ ಕೇಳಿಸಿದ ಪುಣ್ಯಾತ್ಮರು ಅಂತ ಹೊಗಳಿ ಕೂತೆ. ಅವರು ಕಿವಿಗೆ ಕೈ ಹಿಡಿದು ಪಕ್ಕದವರನ್ನು “ಏನಂದ್ರು?” ಅಂತ ಕೇಳುತ್ತಿದ್ದರು. ಆಗಲೇ ಅವರ ಕಿವಿ ಮಂದವಾಗಿತ್ತು. ಮಗ್ಗದ ಮನೆಯವರಿಗೆ ತಪ್ಪಿದ್ದಲ್ಲ.

ಕಳೆದ ವಾರ ಅವರು ತೀರಿಕೊಂಡರು. ಮಾತಾಡಿಸಿ ಬರಲು ಹೋದೆ, ಹೋಗದಿದ್ದರೆ ಮಂದಿ ಏನಂದಾರು. ಅವರ ಹೆಂಡತಿ ಒಳಗೆ ಕರೆದು ಕಂಪ್ಯೂಟರಿನ ಮುಂದೆ ಕೂರಿಸಿದರು. “ಸರ್ರ, ಇದರಾಗ ನಿಮ್ಮ ತಾಯಾರದ ವಿಡಿಯೊ ಐತಿ. ಒಯ್ತೀರೇನ ನೋಡ್ರಿ. ಇದಂದ್ರ ಭಾಳ ಜೀವ ಇವರಿಗೆ. ಕಿವಿ ಪೂರಾ ಹೋದ ಮ್ಯಾಲೂ ದಿನಾ ಇದನ್ನ ಹಚ್ಚಿ ಕುಂಡ್ರತಿದ್ರು. ಯಾವ ಹೊಸಾ ಸಾಫ್ಟ್‌ವೇರ್ ಬಂದ್ರೂ ಮೊದಲ ಇದ, ಇದರ ಮ್ಯಾಲ ಇನ್ನೊಂದ.”

ಅಳಿಸಿರಲಿಲ್ಲ! ಲಿಂಗದ ಆಣೆ ಹಾಕಿ, ಓಣಿಗೆಲ್ಲ ಕೂಗಿ ಹೇಳಿ, ಅಳಿಸಿರಲಿಲ್ಲ. ಆ ಮನುಷ್ಯನ ಫೋಟೊ ಹಾರ ಹಾಕಿಸಿಕೊಂಡು ನಗುತ್ತಿತ್ತು. ಬಾಯಿಗೆ ಬಂದ ಬೈಗುಳವನ್ನೆಲ್ಲ ನುಂಗಿದೆ. ಆ ಹೆಣ್ಣುಮಗಳು ಏನು ತಪ್ಪು ಮಾಡಿದ್ದಾಳೆ?

ಅವರೇ ಅದನ್ನು ಹಚ್ಚಿ, ಚಹಾ ತರುತ್ತೇನೆಂದು ಎದ್ದು ಹೋದರು. ದನಿ ನೂರು ದಾಟಿಸಿಯೇ ಇಟ್ಟಿತ್ತು. ಗಾಳಿ ಬೀಸಿತು, ಹಿತ್ತಲು ಬಂತು, “ನೀರ ಬರ...” ಅನ್ನುವುದರೊಳಗೆ ತಡೆದೆ. ಎಷ್ಟು ವರ್ಷವಾಗಿತ್ತು ಆ ಸಣ್ಣ ದನಿ ಕೇಳಿ! ಒಯ್ಯಬೇಕು ಅನಿಸಿತು. ಒಂದು ಪೆನ್‌ಡ್ರೈವ್ ಸಾಕು. ಯಾರಿಗೂ ಕೇಳಿಸದೆ ನಾನೊಬ್ಬನೇ ಇಟ್ಟುಕೊಂಡರೆ ಯಾರಿಗೆ ಏನು? ಹಿಂದಿ ಸರ್ ಕೂಡ ಹಾಗೆಯೇ ಅಂದುಕೊಂಡಿರಬೇಕು.

ದನಿಯನ್ನು ಕೆಳಗಿಳಿಸುತ್ತ ಹೋದೆ. ನೂರರ ಕೆಳಗೆ, ಇನ್ನೂ ಕೆಳಗೆ, ಅವ್ವ ಎಷ್ಟು ಸಣ್ಣಗೆ ಅಂದಿದ್ದಳೋ ಅಷ್ಟಕ್ಕೆ. ಮತ್ತೆ ಹಚ್ಚಿದೆ. ಪಕ್ಕದ ಮನೆಯ ಮಗ್ಗ ನಡೆದೇ ಇತ್ತು. ಅವ್ವನ ಬೆನ್ನು ಅಲ್ಲಾಡಿತು, ಅಂಗೈ ಮಣ್ಣು ಸವರಿತು. ಒಂದು ಅಕ್ಷರವೂ ಕೇಳಿಸಲಿಲ್ಲ. ಪೂರಾ ನೋಡಿದೆ. ಆಮೇಲೆ ಅಳಿಸಿದೆ. ಅಳಿಸಿದ್ದು ಹೋಗಿ ಬೀಳುವ ಬುಟ್ಟಿಯನ್ನೂ ಬರಿದು ಮಾಡಿದೆ. ಖರೇ ಅಳಿಸಲೇ ಅಂತ ಕಂಪ್ಯೂಟರ್ ಮತ್ತೊಮ್ಮೆ ಕೇಳಿತು, ಹ್ಞೂಂ ಅಂದೆ.

ಚಹಾ ಬಂತು. “ಒಯ್ದ್ರೇನ್ರಿ ಸರ್ರ?” ಅಂತ ಅವರು ಕೇಳಿದರು. ಹೌದು ಅಂದೆ. ಹಿಂದಿ ಸರ್ ಅವ್ವನ ಮಾತನ್ನು ಊರಿಗೆಲ್ಲ ಕೇಳಿಸಿದ್ದನ್ನು ಯಾವತ್ತೋ ಒಂದು ದಿನ ಮರೆತೇನು. ಅವಳ ದನಿಯನ್ನು ನನ್ನ ಕೈಯಿಂದಲೇ ಅಳಿಸುವಂತೆ ಮಾಡಿ ಹೋದರಲ್ಲ, ಅದನ್ನು ಮಾತ್ರ ನಾನು ಮಾಫು ಮಾಡುವವನಲ್ಲ.